ಆ ಕಡೆಯ ಬಡಿತ

ಮೊನ್ನೆ ಲೆಫ್ಟಿನೆಂಟ್ ಕ್ರಾಸ್‌ವೆಲ್ ಎಲ್ಲರೆದುರು ತನ್ನ ಹೆಗಲು ತಟ್ಟಿದ್ದು ಹೆಡ್ಲಿ ಟ್ರೆಗೆನ್ಜಾನಿಗೆ ಇವತ್ತಿಗೂ ಹಿತವಾಗಿಯೇ ಇತ್ತು. ಅವನ ಕಿರಿಕಿರಿಗೆ ಕಾರಣವೂ ಅದೇ. ವಯಸ್ಸು ನಲವತ್ತರ ಹತ್ತಿರ. ಹುಟ್ಟಿದ್ದು ಕಾರ್ನ್‌ವಾಲ್‌ನ ತವರದ ಗಣಿಗಳ ಮಗ್ಗುಲಲ್ಲಿ. ಮೀಸೆ ಮೂಡುವ ಹೊತ್ತಿಗೆ ಹಡಗು ಹತ್ತಿ ದಕ್ಷಿಣ ಆಸ್ಟ್ರೇಲಿಯದ ಮೂಂಟಾಕ್ಕೆ ಹೋದ. ಅಲ್ಲಿಯ ತಾಮ್ರದ ಗಣಿಯಲ್ಲಿ ಅರ್ಧ ಆಯುಷ್ಯ ಕಳೆದು, ಈಗ ಜರ್ಮನರ ಮೇಲಿನ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಸುರಂಗ ಪಡೆಯ ಸಿಪಾಯಿಯಾಗಿ ಫ್ರಾನ್ಸಿನ ನೆಲ ಕೊರೆಯುತ್ತಿದ್ದಾನೆ. ಇಂಥವನಿಗೆ, ನಿನ್ನೆ ಮೊನ್ನೆ ಕಾಲೇಜು ಬಿಟ್ಟುಬಂದ ಹುಡುಗನೊಬ್ಬ 'ಇಡೀ ಕಂಪನಿಯಲ್ಲಿ ಇಂಥ ಕಿವಿ ಇನ್ನೊಂದಿಲ್ಲ' ಎಂದ ಮಾತು ಬಾಯಲ್ಲಿಟ್ಟ ಕಲ್ಲುಸಕ್ಕರೆಯಾಗಬೇಕೆ? ಆ ಕಿವಿ ಮಾಡಿದ ಕೆಲಸವಾದರೂ ಏನು. ನೆಲದಡಿಯಲ್ಲಿ ಜರ್ಮನರು ತಮ್ಮ ಕಡೆಯಿಂದ ಸುರಂಗ ಕೊರೆದುಕೊಂಡು ಬರುವ ಸದ್ದನ್ನು ಕೇಳಿ, ಇಂಥ ದಿಕ್ಕು, ಇಷ್ಟು ದೂರ ಎಂದು ಬೆರಳು ಮಾಡಿ ತೋರಿಸಿದ್ದು. ಅಲ್ಲಿಗೆ ಸಣ್ಣದೊಂದು ಮದ್ದು ಇಟ್ಟು ಹಾರಿಸಿದರು. ನೆಲ ಸೀಳುವಂಥ ಮದ್ದಲ್ಲ, ಒಳಗೊಳಗೇ ಅವರ ಸುರಂಗವನ್ನು ಹಿಸುಕುವಂಥದ್ದು. ಮೇಲೆ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲವಂತೆ. ಆಮೇಲೆ ಎಲ್ಲರಿಗೂ ರಮ್ಮು ಹಂಚಿದರು. ಹೆಡ್ಲಿ ತಮ್ಮ ಪಂಥದ ಪ್ರಾರ್ಥನಾಮಂದಿರವಾದ ಚಾಪೆಲ್ಲಿಗೆ ನಡೆದುಕೊಳ್ಳುವ ಮನುಷ್ಯ, ಹೆಂಡ ಮುಟ್ಟಿದವನಲ್ಲ. ತನ್ನ ಪಾಲನ್ನು ಬಾಮೈದ ಕ್ಲಾರಿಗೆ ಕೊಟ್ಟ. ಕೊಡುವಾಗ, ಲೆಫ್ಟಿನೆಂಟ್ ಇದನ್ನು ಗಮನಿಸುತ್ತಿದ್ದಾನೆಯೇ ಎಂದು ಓರೆಗಣ್ಣಲ್ಲಿ ನೋಡಿದ್ದ. ಅದು ನೆನಪಾಗಿ, ಪೆಟ್ರೋಲ್ ಡಬ್ಬಿಯಲ್ಲಿ ತಂದ ನೀರಿನ, ಅದರದೇ ವಾಸನೆಯ ಬೆಳಗಿನ ಚಹಾವನ್ನು ಗುಟುಕರಿಸುತ್ತಿದ್ದಾಗ ಅವನಿಗೆ ನಾಚಿಕೆಯಾಯಿತು.

ಚಹಾ ಮುಗಿಸಿ ಬೂಟು ಬಿಚ್ಚಿಟ್ಟು ಭಾವ ಬಾಮೈದ ಇಬ್ಬರೂ ಬರೀ ಕಾಲುಚೀಲದಲ್ಲಿ ಏಣಿ ಇಳಿದರು. ಕ್ಲಾರಿ ಹೆಡ್ಲಿಯ ಹೆಂಡತಿ ಥಿರ್ಜಾಳ ತಮ್ಮ. ಹುಟ್ಟಿ ಬೆಳೆದದ್ದೆಲ್ಲ ಮೂಂಟಾದಲ್ಲೇ, ಕಾರ್ನ್‌ವಾಲನ್ನು ಕಣ್ಣಲ್ಲಿ ಕಂಡವನಲ್ಲ. ಆದರೂ ಬಾಯಿಬಿಟ್ಟರೆ ಅಲ್ಲಿಯದೇ ಮಾತು. ಆಳು ಬಾಗಿಲ ತುಂಬ ಇದ್ದ, ತಲೆ ಆಗಲೇ ಬೋಳಾಗುತ್ತಿತ್ತು. ಮನೆಯಲ್ಲಿ ಎರಡು ಹೆಣ್ಣುಮಕ್ಕಳನ್ನು ಬಿಟ್ಟು, ಭಾವ ಹೊರಟನಲ್ಲ ಎಂಬ ಒಂದೇ ಕಾರಣಕ್ಕೆ ತಾನೂ ಹೆಸರು ಬರೆಸಿದ್ದ. ಇದಕ್ಕಾಗಿ ಥಿರ್ಜಾ ಗಂಡನನ್ನು ಇನ್ನೂ ಕ್ಷಮಿಸಿರಲಿಲ್ಲ. ಬಂದರಿಗೆ ಬೀಳ್ಕೊಡಲು ಬಂದವಳು ತಮ್ಮನ ಕೊರಳಿಗೆ ಬಿದ್ದು ಅತ್ತಳು, ಗಂಡನ ಕೋಟಿನ ಗುಂಡಿ ಸರಿಮಾಡಿದಳು, ಅಷ್ಟೆ.

"ಏನ್ ಭಾವ, ಬೆಳಿಗ್ಗೆ ಬೆಳಿಗ್ಗೇನೇ ಮುಖ ಹುಳ್ಳಗೆ ಮಾಡ್ಕೊಂಡಿದ್ದೀಯ? ಕಾರ್ಪೋರಲ್ ಮಾಡ್ಲಿಲ್ಲ ಅಂತಾನಾ?" ಎಂದ ಕ್ಲಾರಿ, ಏಣಿಯ ಬುಡದಲ್ಲಿ.

"ನಿಮ್ಮಕ್ಕನ್ನ ಕಟ್ಕೊಂಡ ದಿನದಿಂದ ನಂದು ಇದೇ ಮುಖ."

"ಅದೂ ಸರಿ. ಅವಳನ್ನ ಕಂಡ್ರೆ ನಂಗೂ ಹಂಗೇ ಆಗುತ್ತೆ."

ಅಲ್ಲಿಂದ ಮುಂದೆ ಪಿಸುಮಾತೇ. ಸುರಂಗದ ನೆಲಕ್ಕೆ ಕಂಬಳಿ ಹಾಸಿದ್ದರು. ಈ ಕಡೆಯ ನೆಲವೆಲ್ಲ ಸೀಮೆಸುಣ್ಣದಂಥ ಬಿಳಿಯ ಕಲ್ಲು. ಉಗುರಿನಿಂದ ಕೆರೆದರೂ ಪುಡಿಯಾಗುತ್ತದೆ, ಸೂಜಿ ಬಿದ್ದರೂ ದೂರಕ್ಕೆ ಸುದ್ದಿ ಮುಟ್ಟಿಸುತ್ತದೆ. ಚಾಡಿಕೋರ ಕಲ್ಲು ಎಂದು ಹೆಡ್ಲಿ ಅದಕ್ಕೆ ಹೆಸರಿಟ್ಟಿದ್ದ. ಅವನ ಊರಿನ ಕಲ್ಲು ಹಾಗಲ್ಲ, ಕಪ್ಪು, ಗಡುಸು, ಎಷ್ಟು ಹೊಡೆದರೂ ತನ್ನ ಪಾಡಿಗೆ ತಾನಿರುತ್ತದೆ. ಆ ಕಲ್ಲಿನಲ್ಲಿ ತವರ ಮುಗಿದು ಗಣಿಗಳು ಬಾಗಿಲು ಹಾಕಿದ ಮೇಲೆ ಅವನ ಬೀದಿಯ ಗಂಡಸರೆಲ್ಲ ದಿಕ್ಕಾಪಾಲಾದರು. ಚಿಕ್ಕಪ್ಪ ಮೈಸೂರು ಸೀಮೆಯ ಕೋಲಾರದ ಚಿನ್ನದ ಗಣಿಗೆ ಹೋಗಿ ಅಲ್ಲೇ ಮಣ್ಣಾದ. ಅಣ್ಣ ಆಫ್ರಿಕಕ್ಕೆ ಹೋಗಿ ಎದೆಯ ತುಂಬ ಕಲ್ಲಿನ ದೂಳು ತುಂಬಿಕೊಂಡು ಕೆಮ್ಮುತ್ತ ಮರಳಿದ. ಹೆಡ್ಲಿ ಮರಳಲಿಲ್ಲ. ಹೋದ ಸುಗ್ಗಿಯ ಕಾಲದಲ್ಲಿ ರಜೆ ಸಿಕ್ಕಾಗ, ಇಷ್ಟು ವರ್ಷದ ಮೇಲೆ ಮೊದಲ ಸಲ ತನ್ನೂರು ಕ್ಯಾಂಬೋರ್ನಿಗೆ ಹೋಗಿ ತಾಯಿಯ ಬಾಗಿಲು ತಟ್ಟಿದ್ದ. ತಾಯಿ ಕುಗ್ಗಿ ಹಿಡಿಯಷ್ಟಾಗಿದ್ದಳು. ಅವಳು ಅವನಿಗೆ ಚಹಾ ಕೊಟ್ಟದ್ದು ಬಂಗಾರದ ಅಂಚಿನ ಬಟ್ಟಲಿನಲ್ಲಿ. ಪಾದ್ರಿಗಳು ಬಂದಾಗ ಮಾತ್ರ ಕಪಾಟಿನಿಂದ ಇಳಿಯುತ್ತಿದ್ದ ಬಟ್ಟಲು ಅದು. ಅಡುಗೆಮನೆಯ ಮೂಲೆಯಲ್ಲಿ ಅವನ ಹಳೆಯ ಮಣ್ಣಿನ ಲೋಟ ಕಾಣುತ್ತಿತ್ತು, ಅದರಲ್ಲಿ ಈಗ ಉಪ್ಪು ಹಾಕಿಟ್ಟಿದ್ದಳು. ಅಕ್ಕಪಕ್ಕದವರು ಆಸ್ಟ್ರೇಲಿಯದವನನ್ನು ನೋಡಬೇಕೆಂದು ಬಂದರು. ತಾಯಿ ಕೇಸರಿ ಬ್ರೆಡ್ಡು ಕೊಯ್ಯುತ್ತ, "ನಿಮ್ಮೂರಲ್ಲಿ ಮಳೆ ಹೆಂಗಪ್ಪಾ?" ಎಂದು ಕೇಳಿದಳು. ಮೂಂಟಾದಲ್ಲಿ ಆಸ್ಟ್ರೇಲಿಯದವರು ಕಾರ್ನ್‌ವಾಲ್‌ನಿಂದ ಬಂದವರಿಗೆಲ್ಲ ಒಟ್ಟಾಗಿ ಕಸಿನ್ ಜಾಕ್ ಎಂದು ಅಡ್ಡಹೆಸರಿಟ್ಟು ನಗುತ್ತಿದ್ದರು, ಅವನೂ ನಗುತ್ತಿದ್ದ. ತಾಯಿಯ ಮಾತಿಗೆ ನಗಲಾಗಲಿಲ್ಲ. ಮಳೆ ಕಡಿಮೆ ಅಮ್ಮ, ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡು ಕುಡಿಯುತ್ತೇವೆ ಎಂದು ಮರ್ಯಾದೆಯಿಂದ ಉತ್ತರ ಕೊಟ್ಟು, ಮರುದಿನದ ರೈಲಿಗೆ ಹೊರಟುಬಿಟ್ಟ. ರಜೆ ಇನ್ನೂ ಇತ್ತು.

ಸುರಂಗದ ತುದಿಯಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕೂರುವಷ್ಟು ಒಂದು ಗೂಡು. ಕ್ಲಾರಿ ಹಿಂದಿನ ತಿರುವಿನಲ್ಲೇ ನಿಂತ. ಸುದ್ದಿ ಒಯ್ಯುವುದು ಅವನ ಕೆಲಸ. ಹೆಡ್ಲಿ ಮೇಣದಬತ್ತಿ ಹಚ್ಚಿಟ್ಟು, ಆಲಿಸುವ ಎರಡು ಬಿಲ್ಲೆಗಳನ್ನು ಗೋಡೆಗೆ ಒತ್ತಿ, ವೈದ್ಯರ ಕೊಳವೆಯಂಥ ಅದರ ರಬ್ಬರ್ ತುದಿಗಳನ್ನು ಕಿವಿಗೆ ಸಿಕ್ಕಿಸಿಕೊಂಡ. ಮೊದಲು ತನ್ನ ರಕ್ತದ್ದೇ ಸದ್ದು. ಅದನ್ನು ಬದಿಗೆ ಸರಿಸಬೇಕು. ಆಮೇಲೆ ಮೇಲಿನ ಫಿರಂಗಿಗಳು, ಎಲ್ಲೋ ಇಲಿ, ಎಲ್ಲೋ ನೀರು. ಅವನ್ನೂ ಒಂದೊಂದಾಗಿ ಬದಿಗೆ ಸರಿಸಿದ. ಎಲ್ಲ ಸರಿದ ಮೇಲೆ ಉಳಿದದ್ದು ಒಂದು ಬಡಿತ. ಮೂರು ಸಲ, ಆಮೇಲೆ ಬಿಡುವು. ಮತ್ತೆ ಮೂರು ಸಲ. ಕಲ್ಲಿನಿಂದಲೋ ಕಬ್ಬಿಣದ ತುಂಡಿನಿಂದಲೋ, ದಣಿದ ಕೈಯಿಂದ.

ಅವನ ಕೈ ತಾನಾಗಿಯೇ ಪಕ್ಕದಲ್ಲಿದ್ದ ಕಬ್ಬಿಣದ ಗಡಾರಿಯ ಮೇಲೆ ಹೋಯಿತು. ಹಿಂದಕ್ಕೆ ಎಳೆದುಕೊಂಡ. ಈ ಭಾಷೆಯನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಯಾಂಬೋರ್ನ್ ಇರಲಿ, ಮೂಂಟಾ ಇರಲಿ, ಕೋಲಾರವೇ ಇರಲಿ, ಗಣಿ ಕುಸಿದು ಒಳಗೆ ಸಿಕ್ಕಿಕೊಂಡವನು ಬಡಿಯುತ್ತಾನೆ, ಕೇಳಿಸಿಕೊಂಡವನು ಬಡಿಯುತ್ತಾನೆ. ಮಾತು ಬಿಟ್ಟ ಅಣ್ಣತಮ್ಮಂದಿರೂ ಇದೊಂದಕ್ಕೆ ತಪ್ಪುತ್ತಿರಲಿಲ್ಲ. ಹೆಡ್ಲಿ ಅಪ್ಪನ ಜೊತೆ ಕೆಲಸಕ್ಕೆ ಇಳಿಯತೊಡಗಿದ ವರ್ಷ ಕೆಳಗಿನ ಹಂತದಲ್ಲಿ ಚಾವಣಿ ಬಿತ್ತು. ಒಳಗೆ ಇಬ್ಬರು. ನೀರು ಏರುತ್ತಿದೆ, ಅಗೆದು ಪ್ರಯೋಜನವಿಲ್ಲ ಎಂದು ಗಣಿ ಮೇಸ್ತ್ರಿ ಎಲ್ಲರನ್ನೂ ಮೇಲಕ್ಕೆ ಕಳಿಸಿದ. ಅಪ್ಪ ಮಾತ್ರ ಮೊಣಕಾಲುದ್ದ ನೀರಿನಲ್ಲಿ ನಿಂತು ಸುತ್ತಿಗೆಯಿಂದ ಬಡಿಯುತ್ತಲೇ ಇದ್ದ. ಒಳಗಿನವರು ಬಡಿದಾಗ ಇವನೂ ಬಡಿಯುವುದು, ಇವನು ಬಡಿದಾಗ ಅವರು. ಸುಮ್ಮನೆ ಆಸೆ ಹುಟ್ಟಿಸ್ತಿದ್ದೀಯಲ್ಲ ಅಪ್ಪ ಎಂದು ಹೆಡ್ಲಿ ಅಳುತ್ತ ತೋಳು ಜಗ್ಗಿದ್ದಕ್ಕೆ ಅಪ್ಪ ತಿರುಗಿಯೂ ನೋಡದೆ, "ಕೇಳಿಸ್ತು ಅಂದ್ಮೇಲೆ ಉತ್ತರ ಕೊಡ್ಬೇಕು ಕಣೋ. ಎತ್ತೋಕಾಗುತ್ತೋ ಇಲ್ವೋ ಅದು ಬೇರೆ ಮಾತು" ಎಂದಿದ್ದ. ಅಪ್ಪ ಒಳ್ಳೆಯವನೇನಲ್ಲ. ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಚಾಪೆಲ್ಲಿನಲ್ಲಿ ಕಣ್ಣು ಮುಚ್ಚಿದರೆ ಗೊರಕೆಯೇ. ಆದರೂ ಹೆಡ್ಲಿಗೆ ದೇವರೆಂದರೆ ನೀರಿನಲ್ಲಿ ನಿಂತ ಆ ಬೆನ್ನೇ ಕಣ್ಣಿಗೆ ಬರುತ್ತಿತ್ತು. ಇದನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ, ಥಿರ್ಜಾಳ ಹತ್ತಿರ ಕೂಡ.

ತಿರುವಿಗೆ ತೆವಳಿ ಹೋಗಿ ಕ್ಲಾರಿಗೆ ಹೇಳಿದ. ಮೊನ್ನೆಯ ಮದ್ದಿನಲ್ಲಿ ಅವರ ಸುರಂಗದ ಹಿಂಭಾಗ ಮಾತ್ರ ಕುಸಿದಿದೆ, ಮುಂದಿನ ತುದಿಯಲ್ಲಿ ಒಬ್ಬ ಬದುಕಿದ್ದಾನೆ, ಬಡಿಯುತ್ತಿದ್ದಾನೆ ಎಂದು. ಕ್ಲಾರಿ ಬೋಳುತಲೆ ಕೆರೆದುಕೊಂಡ. ನೀನು ಕೇಳಲಿಲ್ಲ ಅಂದುಕೊಂಡುಬಿಡು ಭಾವ ಎಂದ. ಆದರೆ ವರದಿ ಮಾಡದೆ ಇರುವಂತಿಲ್ಲ. ಹೋಗಿ ಲೆಫ್ಟಿನೆಂಟನನ್ನು ಕರೆತಂದ. ಕ್ರಾಸ್‌ವೆಲ್ ಉದ್ದಕ್ಕೆ ಮಲಗಿ ಕೊಳವೆ ಕಿವಿಗಿಟ್ಟು ಬಹಳ ಹೊತ್ತು ಆಲಿಸಿದ. ಕೆಟ್ಟ ಹುಡುಗನಲ್ಲ. ತನ್ನ ಮನೆಯಿಂದ ಬಂದ ಕೇಕನ್ನು ಸಿಪಾಯಿಗಳಿಗೆ ಹಂಚುವವನು, ಹಿರಿಯರನ್ನು ಏಕವಚನದಲ್ಲಿ ಕರೆಯದವನು. ಆಲಿಸುತ್ತ ಆಲಿಸುತ್ತ ಅವನ ಮುಖ ಲೆಕ್ಕದ ಉತ್ತರ ತಾಳೆಯಾದ ಶಾಲೆಯ ಹುಡುಗನ ಮುಖದಂತಾಯಿತು.

"ಯಾರೂ ಸದ್ದು ಮಾಡ್ಬೇಡಿ. ಅವನು ಬಡೀತಾ ಇರ್ಲಿ," ಎಂದ. "ಇದು ಅವರಿಗೂ ಕೇಳಿಸಿರುತ್ತೆ. ಬಿಡಿಸೋಕೆ ಬಂದೇ ಬರ್ತಾರೆ. ಹತ್ತಿರ ಬಂದ್ರು ಅಂತ ನೀವು ಹೇಳಿದ ತಕ್ಷಣ ಪಕ್ಕದ ಕವಲಿನಲ್ಲಿ ತುಂಬಿಟ್ಟಿರೋ ಮದ್ದು ಹಾರಿಸೋಣ. ಎಷ್ಟು ಜನ ಸಿಗ್ತಾರೋ."

"ಸರ್, ಬರೋರು ಬಿಡಿಸೋಕೆ ಬರೋರು," ಎಂದ ಹೆಡ್ಲಿ.

"ಗೊತ್ತು. ಅದಕ್ಕೇ ಅವರ ಹತ್ರ ಇರೋ ಒಳ್ಳೇ ಕೆಲಸಗಾರರನ್ನೇ ಕಳಿಸ್ತಾರೆ." ಆಮೇಲೆ, ಹೆಡ್ಲಿಯ ಮುಖ ನೋಡಿಯೋ ಏನೋ, ಮೆತ್ತಗೆ ಹೇಳಿದ: "ನಿಮಗೆ ಕಷ್ಟ ಆಗೋದಾದ್ರೆ ಹೇಳಿ ಟ್ರೆಗೆನ್ಜಾ. ಬೇರೆ ಯಾರನ್ನಾದ್ರೂ ಕೂರಿಸ್ತೀನಿ."

ಇಲ್ಲಿ ಹೆಡ್ಲಿ ಹೌದು ಸರ್, ಕಷ್ಟವಾಗುತ್ತೆ ಎನ್ನಬಹುದಿತ್ತು. ಎದ್ದು ಮೇಲೆ ಹೋಗಿ ಇನ್ನೊಂದು ಲೋಟ ಚಹಾ ಕುಡಿಯಬಹುದಿತ್ತು. ಆದರೆ ಬೇರೆ ಯಾರನ್ನಾದರೂ ಎಂಬ ಮಾತು ಅವನಿಗೆ ಚುಚ್ಚಿತು. ಕಂಪನಿಯಲ್ಲಿ ಇಂಥ ಕಿವಿ ಇನ್ನೊಂದಿಲ್ಲ ಎಂದವನು ಇವನೇ ಅಲ್ಲವೆ. "ಬೇಡ ಸರ್, ನಾನೇ ಕೂರ್ತೀನಿ" ಎಂದ. ಲೆಫ್ಟಿನೆಂಟ್ ಮತ್ತೆ ಹೆಗಲು ತಟ್ಟಿ, ಸದ್ದಿಲ್ಲದೆ ಹಿಂದೆ ಹೋದ. ಈ ಸಲ ತಟ್ಟಿದ ಜಾಗ ತುರಿಸತೊಡಗಿತು.

ಕೂತ. ಆ ಕಡೆಯವನು ಬಡಿದ, ಬಿಡುವು ಕೊಟ್ಟ, ಬಡಿದ. ಬಿಡುವಿನಲ್ಲಿ ಅವನು ಕಲ್ಲಿಗೆ ಕಿವಿಯಿಟ್ಟು ಕೂತಿರುತ್ತಾನೆ ಎನ್ನುವುದು ಹೆಡ್ಲಿಗೆ ತನ್ನ ಕಿವಿಯಷ್ಟೇ ಖಚಿತವಾಗಿ ತಿಳಿಯುತ್ತಿತ್ತು. ಯಾವ ಊರಿನವನೋ. ಜರ್ಮನರಲ್ಲೂ ಗಣಿಯವರನ್ನೇ ಹುಡುಕಿ ಈ ಕೆಲಸಕ್ಕೆ ಹಾಕುತ್ತಾರೆಂದು ಹೇಳುತ್ತಿದ್ದರು. ಅಗೆಯುವ ಬಗೆಯಿಂದಲೇ ಅದು ಗೊತ್ತಾಗುತ್ತಿತ್ತು. ಮೊನ್ನೆಯವರೆಗೆ ಈತ ಅಗೆಯುವುದನ್ನು ಕೇಳಿಸಿಕೊಂಡವನು ಹೆಡ್ಲಿಯೇ. ಎರಡು ಚಿಕ್ಕ ಏಟು, ಒಂದು ಉದ್ದನೆಯ ಏಟು, ಆಮೇಲೆ ಪಿಕಾಸಿ ತಿರುವಿ ಕಲ್ಲನ್ನು ಸಡಿಲಿಸುವುದು. ಅವಸರವಿಲ್ಲದ ಕೆಲಸ. ಆ ಕೈಯ ಬಗ್ಗೆ ಅವನಿಗೆ ಮೆಚ್ಚುಗೆಯೇ ಹುಟ್ಟಿತ್ತು, ಮೆಚ್ಚಿಕೊಂಡೇ ಅದಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿದ್ದ. ಮೂಂಟಾದಲ್ಲಿ, ಮನೆಯ ಹಿಂದಿನ ತೊಟ್ಟಿಯ ಪಕ್ಕ ಥಿರ್ಜಾ ಕೋಳಿಯ ಕತ್ತು ತಿರುವುವಾಗ ಅವನು ಒಳಗೆ ಹೋಗಿಬಿಡುತ್ತಿದ್ದ. ಊಟಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತೀರಿ ಎಂದು ಅವಳು ಹಂಗಿಸುತ್ತಿದ್ದಳು. ನಿಜವೇ. ಬೆರಳು ಮಾಡಿದವನು ಅವನು, ಮದ್ದು ಹಾರಿಸಿದವರು ಬೇರೆಯವರು. ಅವನು ಹೆಸರು ಬರೆಸಿದ್ದೂ ಹಾಗೆಯೇ. ಚಾಪೆಲ್ಲಿನಲ್ಲಿ ಪಾದ್ರಿಗಳು ಸಾಮ್ರಾಜ್ಯ, ಕರ್ತವ್ಯ ಎಂದೆಲ್ಲ ಹೇಳಿ, ಗಣಿಯವರ ಕಡೆ ನೋಡಿದ್ದರು. ಎದ್ದು ನಿಲ್ಲದಿದ್ದರೆ ಪಕ್ಕದವರು ಏನೆಂದುಕೊಂಡಾರೋ ಎಂದು ಎದ್ದು ನಿಂತ. ಪಕ್ಕದವರು ಎದ್ದದ್ದೂ ಹಾಗೆಯೇ ಎಂದು ಹಡಗಿನಲ್ಲಿ ಗೊತ್ತಾಯಿತು.

ಆಗ ಆ ಬಡಿತದ ಆಚೆ, ಇನ್ನೂ ಆಳದಲ್ಲಿ, ಇನ್ನೊಂದು ಸದ್ದು. ಅಗೆತ. ಒಂದಲ್ಲ, ಎರಡು ಮೂರು ಪಿಕಾಸಿಗಳು, ಸರದಿಯಲ್ಲಿ ಅಲ್ಲ, ಒಟ್ಟಿಗೆ. ಬಿಡಿಸಲು ಬರುವವರು ಮಾತ್ರ ಹಾಗೆ ಅಗೆಯುತ್ತಾರೆ. ಸದ್ದಾದೀತು ಎನ್ನುವ ಎಚ್ಚರವೂ ಅವರಿಗೆ ಉಳಿದಿರಲಿಲ್ಲ. ಎದ್ದು ತಿರುವಿಗೆ ಹೋಗಿ ಕ್ಲಾರಿಗೆ ಬಂದರು ಎಂದು ಒಂದು ಮಾತು ಹೇಳಬೇಕು. ಮಿಕ್ಕದ್ದನ್ನೆಲ್ಲ ಇತರರು ನೋಡಿಕೊಳ್ಳುತ್ತಾರೆ. ಹೇಳಬೇಕೆಂದೇ ಕೊಳವೆಯನ್ನು ಕಿವಿಯಿಂದ ತೆಗೆದ. ತೆಗೆದ ಮೇಲೂ ಆ ಕಡೆಯವನ ಬಡಿತ ಬರಿಗಿವಿಗೆ ಕೇಳಿಸುತ್ತಿತ್ತು, ಮೂರು ಸಲ, ಈಗ ಮೊದಲಿಗಿಂತ ಮೆತ್ತಗೆ. ಆಮೇಲೆ ಬಿಡುವು. ಹೆಡ್ಲಿ ಗಡಾರಿ ತೆಗೆದುಕೊಂಡು ಗೋಡೆಗೆ ಮೂರು ಸಲ ಬಡಿದ.

ಬಡಿದ ಮೇಲೆ ಅವನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಆಚೆ ಎಲ್ಲ ಸದ್ದೂ ನಿಂತಿತು. ಮರುಕ್ಷಣ ಒಳಗಿನವನು ಹುಚ್ಚು ಹಿಡಿದವನಂತೆ ಬಡಿಯತೊಡಗಿದ, ಮೂರರ ಲೆಕ್ಕವೂ ಇಲ್ಲ, ಬಿಡುವೂ ಇಲ್ಲ. ತನ್ನವರೇ ಬಂದರು ಎಂದುಕೊಂಡಿದ್ದಾನೆ. ಆದರೆ ಅವನನ್ನು ಬಿಡಿಸಲು ಬರುತ್ತಿದ್ದವರು ಹಾಗೆ ಅಂದುಕೊಳ್ಳಲಿಲ್ಲ. ಉತ್ತರ ಬಂದದ್ದು ತಪ್ಪು ದಿಕ್ಕಿನಿಂದ, ಶತ್ರು ಅಲ್ಲೇ ಕಿವಿಗೊಟ್ಟು ಕೂತಿದ್ದಾನೆ ಎಂದು ಅವರಿಗೆ ಹೊಳೆದಿರಬೇಕು. ಪಿಕಾಸಿಗಳು ಮತ್ತೆ ಏಳಲಿಲ್ಲ. ಅವರು ಬದುಕಿದರು, ಒಳಗೆ ಸಿಕ್ಕಿಕೊಂಡವನು ಕೆಟ್ಟ. ಒಂದೇ ಏಟಿಗೆ ಎರಡೂ ಆಗಿತ್ತು.

ಹಿಂದೆ ಕ್ಲಾರಿ ಇದ್ದ. ಬಡಿತ ಕೇಳಿ ತೆವಳಿಕೊಂಡು ಬಂದಿದ್ದ.

"ಭಾವ, ನೀನಾ ಬಡಿದದ್ದು?"

ಹೆಡ್ಲಿ ಗಡಾರಿಯನ್ನು ಕೆಳಗಿಟ್ಟ.

"ನಿಂಗೆ ಬುದ್ಧಿ ಇದೆಯಾ? ನಾವಿಲ್ಲಿದ್ದೀವಿ ಅಂತ ಅವರಿಗೆ ಬಾಗಿಲು ತಟ್ಟಿ ಹೇಳಿದ ಹಾಗಾಯ್ತಲ್ಲೋ. ಮೇಲ್ಗಡೆ ಹದಿನೈದಿಪ್ಪತ್ತು ಜನ ಇದ್ದಾರೆ. ನಾನಿದ್ದೀನಿ."

ಕ್ಲಾರಿ ಇಷ್ಟು ವರ್ಷದಲ್ಲಿ ಅವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕೇಳಿಸ್ತಲ್ಲ ಕ್ಲಾರಿ, ಎಂದ ಹೆಡ್ಲಿ. ಕ್ಲಾರಿಯೂ ಗಣಿಯ ಮನೆಯಲ್ಲಿ ಹುಟ್ಟಿದವನೇ. ಇಬ್ಬರೂ ಆ ಹುಚ್ಚು ಬಡಿತವನ್ನು ಕೇಳಿದರು. ಲೆಫ್ಟಿನೆಂಟಿಗೆ ನಾನೇನೂ ಹೇಳೋದಿಲ್ಲ ಎಂದ ಕ್ಲಾರಿ ಕೊನೆಗೆ. ಹೆಡ್ಲಿಗೆ ಆ ಉಪಕಾರ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಮುಖ ತಪ್ಪಿಸಲೆಂದೇ ಕೊಳವೆಯನ್ನು ಮತ್ತೆ ಕಿವಿಗಿಟ್ಟುಕೊಂಡ. ಈ ಸಲ ಬಿಲ್ಲೆಗಳನ್ನು ನೆಲಕ್ಕೆ ಒತ್ತಿದ. ಕೆಳಗೆ, ತಾವು ಕೂತ ಜಾಗಕ್ಕಿಂತ ಹಿಂದೆ, ಏನನ್ನೋ ಎಳೆಯುವ ಸದ್ದು. ಎಳೆಯುವುದು, ಇಡುವುದು. ಎಳೆಯುವುದು, ಇಡುವುದು. ಮೂಟೆಗಳು. ಅಲ್ಲೊಂದು ಸುರಂಗವಿರುವುದು ಇವರಿಗೆ ಗೊತ್ತೇ ಇರಲಿಲ್ಲ. ಇಡೀ ಕಂಪನಿಯಲ್ಲೇ ಇನ್ನೊಂದಿಲ್ಲದ ಕಿವಿಗೂ ಗೊತ್ತಿರಲಿಲ್ಲ.

"ಮದ್ದು ತುಂಬ್ತಿದ್ದಾರೆ. ನಮ್ಮ ಹಿಂದೇನೇ. ಹೋಗಿ ಎಲ್ಲರನ್ನೂ ಆಚೆ ಹಾಕ್ಸು," ಎಂದ.

"ನೀನೂ ಬಾ."

"ಕೇಳೋನು ಒಬ್ಬ ಇರ್ಬೇಕು. ತುಂಬೋದು ನಿಂತ ಮೇಲೆ ಬರ್ತೀನಿ. ಹೋಗು."

ನಿಯಮ ಅದೇ ಇತ್ತು, ಸುಳ್ಳಲ್ಲ. ಆದರೆ ಹೆಡ್ಲಿ ಅಲ್ಲೇ ಕೂತದ್ದು ನಿಯಮಕ್ಕಾಗಿ ಅಲ್ಲ. ಮೇಲೆ ಹೋದರೆ ಕ್ರಾಸ್‌ವೆಲ್ ಇರುತ್ತಾನೆ, ಬಿಡಿಸಲು ಬಂದವರು ಯಾಕೆ ನಿಂತರು ಎಂದು ಮರ್ಯಾದೆಯಾಗಿ ಕೇಳುತ್ತಾನೆ. ಪಕ್ಕದಲ್ಲಿ ಕ್ಲಾರಿ ಗೋಡೆ ನೋಡುತ್ತ ನಿಂತಿರುತ್ತಾನೆ. ಇನ್ನು ಸ್ವಲ್ಪ ಹೊತ್ತು ಅದನ್ನು ಮುಂದೂಡಬೇಕಿತ್ತು, ಅಷ್ಟೆ. ಗಂಡಸರು ಯುದ್ಧದಲ್ಲಿ ಇಂಥ ಸಣ್ಣ ಕಾರಣಗಳಿಗೆ ಕೂತಲ್ಲೇ ಕೂರುತ್ತಾರೆ, ಆಮೇಲೆ ಊರಿನಲ್ಲಿ ಅದಕ್ಕೆ ಧೈರ್ಯ ಎಂದು ಹೆಸರು ಬರುತ್ತದೆ. ಕ್ಲಾರಿಯ ಹೆಜ್ಜೆ ತಿರುವು ದಾಟಿತು, ಏಣಿಯ ಕಡೆ ಹೋಯಿತು. ಮೂಟೆಗಳ ಸದ್ದು ನಿಂತಿತು. ಈಗ ಹೊರಡಬೇಕು ಎಂದುಕೊಂಡ. ಕೊಳವೆಯನ್ನು ಸುತ್ತಿ ಚೀಲಕ್ಕೆ ಹಾಕಬೇಕೋ ಇಲ್ಲೇ ಬಿಡಬೇಕೋ ಎಂದು ಯೋಚಿಸುತ್ತಿದ್ದಾಗ ನೆಲ ಒಂದು ಸಲ ಮೇಲೆದ್ದು ಕೂತಿತು.

ಎಚ್ಚರವಾದಾಗ ಕತ್ತಲೆ, ಬಾಯಿತುಂಬ ಸುಣ್ಣದ ಪುಡಿ. ಕೈಕಾಲು ಇದ್ದವು. ಎದೆಯ ಎಡಗಡೆ ಏನೋ ಮುರಿದಿತ್ತು, ಉಸಿರು ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಕೈಚಾಚಿ ನೋಡಿದ, ಗೂಡು ಗಟ್ಟಿಯಾಗಿಯೇ ನಿಂತಿದೆ. ಹಿಂದೆ, ತಿರುವಿನ ಕಡೆ, ಬರೀ ಕಲ್ಲು, ಚಾವಣಿಯವರೆಗೆ. ಜರ್ಮನರೂ ಮೊನ್ನೆ ಇವರು ಮಾಡಿದಷ್ಟೇ ಅಚ್ಚುಕಟ್ಟಾಗಿ ಹಿಸುಕಿದ್ದರು. ಇದು ತನ್ನ ಬಡಿತದಿಂದಲೇ ಆದದ್ದೋ, ಅಥವಾ ಅವರು ಮೊದಲೇ ಸಿದ್ಧವಾಗಿದ್ದರೋ ಎಂದು ಯೋಚಿಸಿದ. ಮೂಟೆಗಳು ಅಷ್ಟು ಬೇಗ ಬಂದವೆಂದರೆ ಮೊದಲೇ ತಂದಿಟ್ಟಿರಬೇಕು. ಇರಬಹುದು, ಇಲ್ಲದಿರಬಹುದು. ಇದಕ್ಕೆ ಉತ್ತರ ಸಿಗುವುದಿಲ್ಲ ಎಂದು ಗೊತ್ತಾದಾಗ ಅವನಿಗೆ ಒಂಥರಾ ಬೇಸರವಾಯಿತು, ಭಯವೇನೂ ಆಗಲಿಲ್ಲ. ಕ್ಲಾರಿ ಏಣಿ ಹತ್ತಿರಬೇಕು. ಹತ್ತಿದ್ದಾನೋ ಇಲ್ಲವೋ ಎನ್ನುವುದೊಂದೇ ಭಯ. ತಡಕಿ ತಡಕಿ ಬಿಲ್ಲೆಗಳನ್ನು ಹುಡುಕಿ ಬಿದ್ದ ಕಲ್ಲಿಗೆ ಒತ್ತಿ, ಕೊಳವೆ ಕಿವಿಗಿಟ್ಟ.

ಬಹಳ ಹೊತ್ತಿನ ಮೇಲೆ ಹೆಜ್ಜೆ. ಬಲಗಾಲು ಒಂಚೂರು ಎಳೆಯುವ, ಮೂಂಟಾದಲ್ಲಿ ಚೆಂಡಾಟದಲ್ಲಿ ಮಂಡಿ ಮುರಿದುಕೊಂಡವನ ಹೆಜ್ಜೆ. ಕ್ಲಾರಿ. ಹೆಡ್ಲಿಗೆ ಎಷ್ಟು ಸಂತೋಷವಾಯಿತೆಂದರೆ, ನೋವನ್ನೂ ಮರೆತು ಗಡಾರಿ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಆ ಕಡೆ, ಕೆಳಗೆ, ಅವರದೂ ಒಂದು ಕಿವಿ ಕಲ್ಲಿಗೆ ಅಂಟಿಕೊಂಡು ಕೂತಿರುತ್ತದೆ. ಅವರಿಗೂ ಒಬ್ಬ ಲೆಫ್ಟಿನೆಂಟ್ ಇರುತ್ತಾನೆ, ಅವನ ಹತ್ತಿರ ಇನ್ನೊಂದು ಮದ್ದೂ ಇರುತ್ತದೆ. ಸಿಕ್ಕಿಕೊಂಡವನು ಬಡಿಯುತ್ತಾ ಇರಲಿ, ಬಿಡಿಸಲು ಬಂದೇ ಬರುತ್ತಾರೆ ಎಂದು ಅವನೂ ಮೆತ್ತಗೆ ಹೇಳುತ್ತಿರುತ್ತಾನೆ. ತಾನು ಬಡಿದರೆ ಕ್ಲಾರಿ ಅಗೆಯುತ್ತಾನೆ. ಕ್ರಾಸ್‌ವೆಲ್ ಬೇಡವೆಂದರೂ, ರಾಜನೇ ಬಂದು ಬೇಡವೆಂದರೂ ಬರಿಗೈಯಲ್ಲಾದರೂ ಅಗೆಯುತ್ತಾನೆ. ಹೆಡ್ಲಿ ಗಡಾರಿಯನ್ನು ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ ಕೆಳಗೆ ಮಲಗಿಸಿದ.

ಕ್ಲಾರಿ ಬಡಿದ. ಮೂರು ಸಲ. ಸದ್ದು ಮಾಡಬಾರದೆಂದು ಲೆಫ್ಟಿನೆಂಟ್ ಹೇಳಿಯೇ ಇರುತ್ತಾನೆ, ಆದರೂ ಬಡಿದ. ಆಮೇಲೆ ಬಿಡುವು. ಬಿಡುವಿನಲ್ಲಿ ಅವನ ಬೋಳುತಲೆ ಕಲ್ಲಿಗೆ ಒತ್ತಿಕೊಂಡಿರುವುದು ಹೆಡ್ಲಿಗೆ ಕಣ್ಣಿಗೆ ಕಟ್ಟಿದಂತಿತ್ತು. ಇನ್ನೊಂದು ಕಡೆಯಿಂದ, ಬೆನ್ನ ಹಿಂದಿನ ಗೋಡೆಯಿಂದ, ಇನ್ನೊಬ್ಬ ಬಡಿದ. ಅವನಿನ್ನೂ ಇದ್ದ. ಹುಚ್ಚು ಇಳಿದು ಮತ್ತೆ ಮೂರರ ಲೆಕ್ಕಕ್ಕೆ ಬಂದಿದ್ದ. ಒಂದು ಸಲ ಉತ್ತರ ಕೊಟ್ಟವನು ಯಾಕೆ ಸುಮ್ಮನಾದ ಎಂದು ಕೇಳುತ್ತಿದ್ದ. ಅವನಿಗೆ ಉತ್ತರ ಕೊಟ್ಟರೆ ಅದು ಕ್ಲಾರಿಗೂ ಕೇಳುತ್ತದೆ, ಚಾಡಿಕೋರ ಕಲ್ಲು ಅದು. ಇಬ್ಬರ ನಡುವೆ ಹೆಡ್ಲಿ ಕೂತ. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವು ತಾವಾಗಿಯೇ ಏಳುತ್ತಿದ್ದವು. ಕೊನೆಗೆ ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕೂತ.

ಕ್ಲಾರಿ ಮತ್ತೆ ಬಡಿದ. ಎದ್ದು ಹೋಗೋ ಮಾರಾಯ, ಎಂದ ಹೆಡ್ಲಿ ತುಟಿಯಲ್ಲೇ. ಮೊದಲು ಪ್ರೀತಿಯಿಂದ ಅಂದ. ಇನ್ನೊಂದು ಸಲ ಬಡಿದಾಗ ಸಿಟ್ಟು ಬಂತು. ಹಟಮಾರಿ ವಂಶ, ಅಕ್ಕನೂ ಹೀಗೆಯೇ. ಒಂದು ಮಾತು ಹಿಡಿದರೆ ಉತ್ತರ ಬರುವವರೆಗೂ ಬಿಡುವವಳಲ್ಲ. ಊರಿಗೆ ಮರಳಿದ ಮೇಲೆ ಅವಳೂ ಕೇಳುತ್ತಾಳೆ ಕ್ಲಾರಿಯನ್ನು, ಮನೆಯ ಹಿಂದೆ ತೊಟ್ಟಿಯ ಪಕ್ಕ ನಿಲ್ಲಿಸಿಕೊಂಡು. ಒಂದೇ ಸಲಕ್ಕೆ ಜೀವ ಹೋಯಿತಕ್ಕಾ, ಏನೂ ಗೊತ್ತಾಗಿರಲಿಕ್ಕಿಲ್ಲ, ನಾನೇ ಬಡಿದು ನೋಡಿದೆ, ಉತ್ತರ ಬರಲಿಲ್ಲ ಎನ್ನಬೇಕು ಅವನು. ಸುಳ್ಳು ಹೇಳಲು ಬಾರದವನು, ಹೇಳಿದರೆ ಕಿವಿ ಕೆಂಪಾಗುತ್ತದೆ. ಅದು ಅವನ ಮಟ್ಟಿಗೆ ನಿಜವೇ ಆಗಿರಬೇಕು. ಹೆಡ್ಲಿ ಉಸಿರನ್ನೂ ಸಣ್ಣಗೆ ಮಾಡಿಕೊಂಡ. ಕೈಗಳು ತೊಡೆಯ ಕೆಳಗೆ ಮರಗಟ್ಟಿದವು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

ಕ್ಲಾರಿ ಎಷ್ಟು ಹೊತ್ತು ಇದ್ದನೋ. ಒಂದು ಸಲ ಬಿಡುವು ಉದ್ದವಾಯಿತು, ಇನ್ನೂ ಉದ್ದವಾಯಿತು. ಏನೋ ಕಲ್ಲಿಗೆ ತಾಗಿತು, ಹಣೆಯಿರಬೇಕು. ಆಮೇಲೆ ಹೆಜ್ಜೆ, ಬಲಗಾಲು ಎಳೆಯುತ್ತ, ತಿರುವು ದಾಟಿ, ಏಣಿಯ ಕಡೆಗೆ. ಏಣಿಯ ಒಂದೊಂದು ಮೆಟ್ಟಿಲೂ ಕೇಳಿಸಿತು. ಇನ್ನು ಲೆಫ್ಟಿನೆಂಟ್ ಈ ಕವಲನ್ನು ಮುಚ್ಚಿಸುತ್ತಾನೆ, ಇಲ್ಲಿಗೆ ಯಾರೂ ಬರುವುದಿಲ್ಲ. ಹೆಡ್ಲಿ ಇನ್ನೂ ಸ್ವಲ್ಪ ಹೊತ್ತು ಕಾದ, ಏನಾದರೂ ಮರೆತು ಕ್ಲಾರಿ ಹಿಂದಿರುಗಿಯಾನೆಂದು. ಯಾರೂ ಬರಲಿಲ್ಲ. ಬೆನ್ನ ಹಿಂದೆ ಆ ಕಡೆಯವನು ಬಡಿದ, ಮೂರು ಸಲ, ಬಹಳ ಮೆತ್ತಗೆ. ಹೆಡ್ಲಿ ತೊಡೆಯ ಕೆಳಗಿಂದ ಕೈ ತೆಗೆದು, ಜುಮುಗುಟ್ಟುವ ಬೆರಳುಗಳಿಂದ ಕತ್ತಲಲ್ಲಿ ಗಡಾರಿಗಾಗಿ ತಡಕಾಡಿದ.